ಸಗಣಿ ಬೆನಕನಿಗೆ ಕೈಮುಗಿಯುವವರಿಗೆ ಕಲೆ ಅರ್ಥ ಆಗಲ್ಲವಂತೆ!

ಪುತ್ಥಳಿ ಅನಾವರಣದ ಸುದ್ದಿ ಬರೆದು ಬರೆದು ನಮ್ಮ ಕೈ ಸವೆದಿದೆ. ಜಿಲ್ಲೆಯಲ್ಲಿ ಸ್ಟ್ರಿಂಗರ್ ಆಗಿ ಓಡಾಡುವ ಎಲ್ಲರಿಗೂ ಆ ಸುದ್ದಿ ಬಾಯಿಪಾಠ. ಸಚಿವರು ಎರಡು ಗಂಟೆ ತಡ. ಪರದೆ ಎಳೆಯುವಾಗ ಹಗ್ಗ ಸಿಕ್ಕಿಕೊಳ್ಳುತ್ತದೆ. ಕ್ರೇನ್‌ನಿಂದ ಸೇಬಿನ ಹಾರ ಇಳಿಯುತ್ತದೆ. ಕೊನೆಯಲ್ಲಿ ವೇದಿಕೆ ಮೇಲಿದ್ದ ಮೂವತ್ತು ಜನರ ಹೆಸರು, ಒಂದು ಬಿಟ್ಟರೂ ರಾತ್ರಿ ಫೋನ್ ಬರುತ್ತದೆ. ಪುತ್ಥಳಿ ಮಾಡಿದವರು ಯಾರು ಅಂತ ಕೇಳಿ ನೋಡಿ. ಸಂಘಟಕರು ಮುಖ ಮುಖ ನೋಡಿಕೊಳ್ಳುತ್ತಾರೆ. "ಅದು ಕಂಟ್ರಾಕ್ಟರ್ ಕಡೆಯವರು ಸಾರ್, ಹೆಸರು ಗೊತ್ತಿಲ್ಲ."

ಈಚೆಗೆ ನಾವು ನಾಲ್ಕು ಜನ ಸೇರಿ ಜಿಲ್ಲಾ ಮಟ್ಟದ ಒಬ್ಬ ಅಧಿಕಾರಿಯ ಮುಂದೆ ಸಣ್ಣದೊಂದು ಬೇಡಿಕೆ ಇಟ್ಟೆವು. ರಂಗಮಂದಿರ ವರ್ಷದಲ್ಲಿ ಬಹುಪಾಲು ದಿನ ಬೀಗ ಹಾಕಿಕೊಂಡೇ ಇರುತ್ತದೆ. ಹತ್ತು ದಿನ ಬಿಟ್ಟುಕೊಡಿ, ಈ ಕಾಲದ ಶಿಲ್ಪಿಗಳು ಏನು ಮಾಡುತ್ತಿದ್ದಾರೆ ಅನ್ನುವುದನ್ನು ಫೋಟೊಗಳಲ್ಲಾದರೂ ನಮ್ಮ ಹುಡುಗರಿಗೆ, ಊರಿನವರಿಗೆ ತೋರಿಸೋಣ ಅಂದೆವು. ಉದಾಹರಣೆಗೆ ಅಂತ ಫೋನಿನಲ್ಲಿ ಶೀಲಾ ಗೌಡ ಅವರ ಒಂದು ಕೃತಿಯ ಚಿತ್ರ ತೋರಿಸಿದೆವು. ಅವರು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. ಫೋನು ವಾಪಸ್ ಕೊಟ್ಟರು. "ಇದೆಲ್ಲ ಬೆಂಗಳೂರಿನವರಿಗೆ ಸರಿ ಕಣ್ರಿ. ಹಳ್ಳಿ ಜನಕ್ಕೆ ಅರ್ಥ ಆಗಲ್ಲ" ಅಂದರು.

ಈ ಮಾತು ನಮಗೆ ಹೊಸದಲ್ಲ. ಬೆಂಗಳೂರಿನ ಕಲಾ ವಲಯದವರ ಬಾಯಲ್ಲೂ ಇದನ್ನೇ ಕೇಳಿದ್ದೇವೆ, ಸ್ವಲ್ಪ ನಯವಾಗಿ. ಅಧಿಕಾರಿಗೂ ಗ್ಯಾಲರಿಯವರಿಗೂ ಬೇರೆ ಯಾವ ವಿಷಯದಲ್ಲೂ ಒಮ್ಮತ ಇಲ್ಲ. ಹಳ್ಳಿಯವರಿಗೆ ಕಣ್ಣಿಲ್ಲ ಅನ್ನುವ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ.

ಹಾಗಾದರೆ ಆ ಅಧಿಕಾರಿ ನೋಡಿ ವಾಪಸ್ ಕೊಟ್ಟ ಚಿತ್ರದಲ್ಲಿ ಏನಿತ್ತು, ನೀವೇ ಕೇಳಿ.

ಗೋಡೆಯ ತುಂಬ ಕರೀ ಹಗ್ಗ. ಕುಪ್ಪೆ ಕುಪ್ಪೆಯಾಗಿ ನೇತಾಡಿ, ನೆಲಕ್ಕೆ ಇಳಿದು, ಸುತ್ತಿಕೊಂಡು ಬಿದ್ದಿದೆ. ಆ ಹಗ್ಗಗಳಲ್ಲಿ ಅಲ್ಲಲ್ಲಿ ಕಾರಿನ ಹೊಳೆಯುವ ಉಕ್ಕಿನ ಬಂಪರುಗಳು ತೂಗುತ್ತಿವೆ. ಹಗ್ಗ ಯಾವುದು ಗೊತ್ತಾ? ಮನುಷ್ಯರ ತಲೆಗೂದಲನ್ನು ಕೈಯಲ್ಲಿ ಹೊಸೆದದ್ದು. ಸುಮಾರು 4 ಸಾವಿರ ಮೀಟರ್. 2009ರಲ್ಲಿ ಇಟಲಿಯ ವೆನಿಸ್ ಬಿನಾಲೆಯಲ್ಲಿ ಇದನ್ನು ಇಟ್ಟಿದ್ದರು. ಪ್ರಪಂಚದ ಕಲಾವಿದರೆಲ್ಲ ಎರಡು ವರ್ಷಕ್ಕೊಮ್ಮೆ ಸೇರುವ ದೊಡ್ಡ ಜಾತ್ರೆ ಅಂದುಕೊಳ್ಳಿ. ಈಗ ಅದು ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. ಇಂಗ್ಲಿಷಿನಲ್ಲಿ ಇಟ್ಟ ಹೆಸರಿಗೆ ಕನ್ನಡದಲ್ಲಿ 'ನೋಡು' ಅನ್ನಬಹುದು.

ಈಗ ಹೇಳಿ, ಇದು ಯಾರಿಗೆ ಅರ್ಥ ಆಗಲ್ಲ?

ದೇವರಿಗೆ ಮುಡಿ ಕೊಟ್ಟವರು ನಾವು. ಮಗುವಿಗೆ ಜ್ವರ ಬಿಡದಿದ್ದಾಗ ಹರಕೆ ಹೊತ್ತು, ಕಲ್ಯಾಣಿ ಪಕ್ಕ ಕೂತು ತಲೆ ಬೋಳಿಸಿಕೊಂಡವರು. ಬಾಚಣಿಗೆಗೆ ಸಿಕ್ಕ ಕೂದಲನ್ನು ಸುತ್ತಿ ಗೋಡೆ ಸಂದಿಗೆ ಇಟ್ಟು, ಸ್ಟೀಲ್ ಪಾತ್ರೆಯವಳು ಬಂದಾಗ ಒಂದು ಲೋಟಕ್ಕಾಗಿ ಚೌಕಾಸಿ ಮಾಡಿದ್ದು ನಮ್ಮ ಅವ್ವಂದಿರು. ಲಾರಿ, ಟ್ರ್ಯಾಕ್ಟರಿನ ಬಂಪರಿಗೆ ದೃಷ್ಟಿ ತಾಗದಿರಲಿ ಅಂತ ಕರೀ ಕೂದಲ ಹಗ್ಗ ಕಟ್ಟಿದವರು ನಮ್ಮ ಅಣ್ಣತಮ್ಮಂದಿರು. ಉದ್ದ ಕೂದಲು ಚವರಿಗೆ, ವಿಗ್ಗಿಗೆ ಹೊರದೇಶಕ್ಕೆ ಹೋಗುತ್ತದೆ. ಮೋಟು ಕೂದಲು ಇಲ್ಲೇ ಉಳಿದು ಹಗ್ಗವಾಗುತ್ತದೆ.

ಶೀಲಾ ಗೌಡ ಮಾಡಿದ್ದು ಇಷ್ಟು. ಉಕ್ಕಿನ ಬಂಪರಿಗೆ ಕೂದಲು ಕಟ್ಟುವುದು ವಾಡಿಕೆ. ಅವರು ಕೂದಲಿಗೆ ಉಕ್ಕನ್ನು ಕಟ್ಟಿದರು. ಯಾರೋ ಹರಕೆಗೆ ಬಿಟ್ಟ ಕೂದಲು ಕಾರಿನ ಭಾರ ಹೊತ್ತು ನಿಂತಿದೆ. ಅದನ್ನು ನೋಡಿದರೆ ವೆನಿಸ್ಸಿನವರಿಗೆ ಒಂದು ಪುಟ ವಿವರಣೆ ಬೇಕು. ನಮ್ಮೂರ ಲಾರಿ ಕ್ಲೀನರ್‌ಗೆ ಬೇಡ. ಅವನಿಗೆ ಚಿತ್ರ ತೋರಿಸಿದಾಗ ಒಂದು ನಿಮಿಷ ಸುಮ್ಮನಿದ್ದು, "ಇಷ್ಟೊಂದು ಕೂದಲು ಅಂದ್ರೆ ಎಷ್ಟು ಜನದ ಕಷ್ಟ ಇದು" ಅಂದ. ಕಲಾ ವಿಮರ್ಶೆ ಅಂತ ನಾವು ಓದಿದ್ದರಲ್ಲಿ ಇದಕ್ಕಿಂತ ಚೊಕ್ಕದ್ದು ಕಡಿಮೆ.

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆಯ ಊರು. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಕಲಿತರು, ಆಮೇಲೆ ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಕಲಿತದ್ದು ಚಿತ್ರ ಬರೆಯುವುದನ್ನು. ಇಷ್ಟೆಲ್ಲ ಓದಿ ವಾಪಸ್ ಬಂದು, 1990ರ ದಶಕದ ಶುರುವಿನಲ್ಲಿ ಬಣ್ಣದ ಟ್ಯೂಬು ಪಕ್ಕಕ್ಕಿಟ್ಟು ಸಗಣಿಗೆ ಕೈ ಹಾಕಿದರು.

ಸಗಣಿ ಯಾಕೆ? ಆ ದಿನಗಳನ್ನು ನೆನಪಿಸಿಕೊಳ್ಳಿ. 1992ರ ಡಿಸೆಂಬರ್, ಅದರ ಹಿಂದೆಯೇ ಊರೂರಲ್ಲಿ ಬೆಂಕಿ. ದೇವರು, ದನ, ಕುಂಕುಮ ಎಲ್ಲವೂ ಮೈಕಿನ ಮಾತಾಗಿದ್ದವು. ಆ ಹೊತ್ತಲ್ಲಿ ಒಬ್ಬ ಹೆಂಗಸು ಸಗಣಿಯನ್ನು ಕೈಯಲ್ಲಿ ಹಿಡಿದು ಉಂಡೆ ಮಾಡಿ, ಇಟ್ಟಿಗೆ ಮಾಡಿ, ಒಣಗಿಸಿ, ಸಾಲಾಗಿ ಜೋಡಿಸುತ್ತಾಳೆ ಅಂದರೆ ಅದಕ್ಕೆ ಅರ್ಥ ಇದೆ. ವೇದಿಕೆ ಮೇಲೆ ದನದ ಹೆಸರು ಕೂಗುವವನು ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಾಚುವುದಿಲ್ಲ. ಬಾಚುವವಳು ಬೇರೆ. ಸಗಣಿ ಪವಿತ್ರವೂ ಹೌದು, ಉರುವಲೂ ಹೌದು, ನೆಲ ಸಾರಿಸಲೂ ಬೇಕು, ಮತ್ತು ಅದನ್ನು ಮುಟ್ಟಿದ ಕೈಯವಳ ಹೆಸರು ಯಾರಿಗೂ ಬೇಡ. ಇದನ್ನೆಲ್ಲ ಒಂದು ಭಾಷಣವಿಲ್ಲದೆ ಹೇಳುವ ವಸ್ತು ಬೇರೆ ಯಾವುದಿದೆ?

ಇನ್ನು ಕುಂಕುಮ. 1998ರಲ್ಲಿ ಅವರು ಮಾಡಿದ ಒಂದು ಕೃತಿಯ ಹೆಸರು ಕನ್ನಡದಲ್ಲಿ 'ಅವನಿಗೆ ನನ್ನ ನೋವು ಹೇಳು' ಅಂತಾಗುತ್ತದೆ. ಉದ್ದುದ್ದ ನೂಲನ್ನು ಒಂದೊಂದಾಗಿ ಸೂಜಿ ಕಣ್ಣಿಗೆ ಪೋಣಿಸಿ ಎಳೆದು, ಅಂಥ ಎಷ್ಟೋ ಎಳೆಗಳನ್ನು ಒಟ್ಟಿಗೆ ಹಿಡಿದು, ಅಂಟು ಮತ್ತು ಕುಂಕುಮ ಬಳಿದು ದಪ್ಪ ಕೆಂಪು ಹುರಿ ಮಾಡಿದ್ದಾರೆ. ಹುರಿ ಗೋಡೆ ಮೇಲೆ, ನೆಲದ ಮೇಲೆ ಹರಿದಾಡುತ್ತದೆ. ದೂರದಿಂದ ನೋಡಿದರೆ ಕರುಳಬಳ್ಳಿ. ತುದಿಗೆ ಹೋಗಿ ನೋಡಿದರೆ ಪೋಣಿಸಿದ ಸೂಜಿಗಳೆಲ್ಲ ಅಲ್ಲೇ ಗೊಂಚಲಾಗಿ ತೂಗುತ್ತಿವೆ. ಚಿಮಣಿ ಬೆಳಕಲ್ಲಿ ಕೌದಿ ಹೊಲಿದ ಅಜ್ಜಿಗೆ ಇದನ್ನು ಬಿಡಿಸಿ ಹೇಳಬೇಕಾ?

ಈಗ ನಾವು ಜಗಳಕ್ಕೆ ಬರುತ್ತೇವೆ.

ಮುಖ, ಮೂಗು, ಮೀಸೆ ಇದ್ದರೆ ಮಾತ್ರ ಹಳ್ಳಿಯವರಿಗೆ ಗೊತ್ತಾಗುತ್ತದೆ ಅನ್ನುವವರು ಯಾವ ಹಳ್ಳಿ ನೋಡಿದ್ದಾರೆ? ಹಬ್ಬದ ದಿನ ಒಂದು ಮುಷ್ಟಿ ಸಗಣಿ ಉಂಡೆ ಮಾಡಿ, ನೆತ್ತಿಗೆ ಎರಡು ಗರಿಕೆ ಚುಚ್ಚಿದರೆ ಅದು ಬೆನಕ. ಸೊಂಡಿಲಿಲ್ಲ, ಹೊಟ್ಟೆಯಿಲ್ಲ, ಇಲಿಯಿಲ್ಲ. ಯಾರಾದರೂ "ಇದು ಗಣಪ ಹೇಗಾಯ್ತು" ಅಂತ ಕೇಳಿದ್ದುಂಟಾ? ದೀಪಾವಳಿಗೆ ಹಟ್ಟಿ ಲಕ್ಕವ್ವನನ್ನು, ಪಾಂಡವರನ್ನು ಸಗಣಿಯಲ್ಲೇ ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸಿ ಬಾಗಿಲಿಗೆ ಕೂರಿಸುತ್ತೇವೆ. ಐದು ಉಂಡೆಯಲ್ಲಿ ಭೀಮ ಯಾವುದು, ಸಹದೇವ ಯಾವುದು ಅಂತ ಮನೆಯ ಹುಡುಗಿಗೆ ಗೊತ್ತು. ಬೇವಿನ ಮರದ ಕೆಳಗಿನ ಗುಂಡುಕಲ್ಲಿಗೆ ಅರಿಶಿನ ಬಳಿದರೆ ಮಾರವ್ವ. ಹೊಲದ ಬದುವಿನ ಹುತ್ತ ನಾಗಪ್ಪ. ಊರು ಕಟ್ಟಿದ ದಿನ ನೆಟ್ಟ ಕರುವುಗಲ್ಲು ಬರೀ ಒಂದು ಕಂಬ, ಆದರೂ ಅದಕ್ಕೆ ಊರೇ ತಲೆಬಾಗುತ್ತದೆ. ಲಿಂಗದ ಮಾತು ಎತ್ತುವುದೇ ಬೇಡ.

ಮಾಸ್ತಿಕಲ್ಲು ನೋಡಿದ್ದೀರಲ್ಲ? ಒಂದು ಕಂಬ, ಕಂಬದಿಂದ ಹೊರಚಾಚಿ ಮೇಲಕ್ಕೆದ್ದ ಒಂದು ತೋಳು, ಕೈತುಂಬ ಬಳೆ. ಅಷ್ಟೇ. ಹೆಣ್ಣಿನ ಮುಖವಿಲ್ಲ, ಮೈಯಿಲ್ಲ. ಆ ತೋಳು ನೋಡಿದ ಕೂಡಲೇ ಇಲ್ಲಿ ಒಬ್ಬಳು ಬೆಂಕಿಗೆ ಹೋದಳು ಅಂತ ತಿಳಿಯುತ್ತದೆ, ಎದೆ ಜುಂ ಅನ್ನುತ್ತದೆ. ಅಂಥ ಆಚರಣೆ ಹೋಗಿದ್ದೇ ಒಳ್ಳೆಯದು, ಅದು ಬೇರೆ ಮಾತು. ಆದರೆ ಒಂದು ತೋಳಲ್ಲಿ ಒಂದು ಜೀವವನ್ನು ಹೇಳಿಬಿಡಬಹುದು ಅಂತ ನೂರಾರು ವರ್ಷ ಹಿಂದೆಯೇ ಕಂಡುಕೊಂಡ ಶಿಲ್ಪಿ ನಮ್ಮ ಹಳ್ಳಿಯವನು. ಅದನ್ನು ಓದಿಕೊಂಡವರೂ ಹಳ್ಳಿಯವರೇ. ನಗರದವರು 'ಅಮೂರ್ತ' ಅಂತ ದೊಡ್ಡ ಪದ ಇಟ್ಟು ಹೆದರಿಸುವುದು ಇದನ್ನೇ.

ಹೀಗಿರುವಾಗ ಸರ್ಕಾರದ ಕಣ್ಣಿಗೆ ಶಿಲ್ಪ ಅಂದರೆ ಒಂದೇ. ಎತ್ತರ. 2022ರ ನವೆಂಬರ್ 11ರಂದು ಬೆಂಗಳೂರು ವಿಮಾನ ನಿಲ್ದಾಣದ ಬಳಿ ಕೆಂಪೇಗೌಡರ ಪ್ರತಿಮೆ ಅನಾವರಣವಾಯಿತು. 108 ಅಡಿ. 98 ಟನ್ ಕಂಚು, 120 ಟನ್ ಉಕ್ಕು. ಮಾಡಿದವರು ಗುಜರಾತಿನ ಪಟೇಲ್ ಪ್ರತಿಮೆಯನ್ನೂ ಮಾಡಿದ ರಾಮ್ ಸುತಾರ್. ಅದಕ್ಕೂ ಎರಡು ವಾರ ಮುಂಚೆ ನಿಮ್ಮೂರಿಗೂ ಅಲಂಕಾರ ಮಾಡಿದ ವಾಹನ ಬಂದಿರಬಹುದು. ರಾಜ್ಯದ 22 ಸಾವಿರಕ್ಕೂ ಹೆಚ್ಚು ಕಡೆಯಿಂದ ಮಣ್ಣು ತುಂಬಿಸಿಕೊಂಡು ಹೋದರು.

ಕೆರೆ ಕಟ್ಟಿದ, ಪೇಟೆ ಕಟ್ಟಿದ ಕೆಂಪೇಗೌಡರ ಮೇಲೆ ನಮಗೆ ಯಾವ ತಕರಾರೂ ಇಲ್ಲ. ತಕರಾರು ಆ ಮಣ್ಣಿನದು. ಊರೂರಿನ ಮಣ್ಣು ಒಂದು ಕಡೆ ಸೇರುವುದಕ್ಕಿಂತ ದೊಡ್ಡ ಶಿಲ್ಪ ಯಾವುದಿತ್ತು? ಕೆಂಪು ಮಣ್ಣು, ಎರೆ ಮಣ್ಣು, ಕರಾವಳಿಯ ಮರಳು, ಮಲೆನಾಡಿನ ಜಂಬಿಟ್ಟಿಗೆ ಮಣ್ಣು, ಇವನ್ನು ಪಕ್ಕಪಕ್ಕ ಇಟ್ಟಿದ್ದರೆ ಸಾಕಾಗಿತ್ತು. ಜನ ತಮ್ಮೂರ ಮಣ್ಣು ಹುಡುಕಿಕೊಂಡು ಹೋಗುತ್ತಿದ್ದರು. ಅಷ್ಟು ಮಣ್ಣು ಕೈಗೆ ಬಂದರೂ ಅದರಲ್ಲಿ ಏನೂ ಕಾಣದೆ ಕಂಚಿನ ಕಡೆ ನೋಡಿದವರು ನಮಗೆ ಅರ್ಥವಾಗಲ್ಲ ಅನ್ನುತ್ತಾರೆ.

ಆ 108 ಅಡಿ ನೋಡಿದ ಮೇಲೆ ತಾಲ್ಲೂಕುಗಳು ಸುಮ್ಮನಿರುತ್ತವೆಯೇ? ಪ್ರತಿ ಸರ್ಕಲ್ಲಿಗೂ ಒಬ್ಬರು ಬೇಕು. ಒಂದು ಸಮುದಾಯದವರದು ಎಂಟು ಅಡಿಯಾದರೆ ಇನ್ನೊಬ್ಬರಿಗೆ ಒಂಬತ್ತು. ರಾತ್ರೋರಾತ್ರಿ ಕೂರಿಸುವುದು, ಬೆಳಿಗ್ಗೆ ಪೊಲೀಸ್ ವ್ಯಾನ್, ನಿಷೇಧಾಜ್ಞೆ, ಶಾಂತಿ ಸಭೆ. ಯಾರ ಹೆಸರಲ್ಲಿ ಕಲ್ಲು ಬೀಳುತ್ತಿದೆಯೋ ಅವರ ಬದುಕು ಏನು ಹೇಳಿತು ಅಂತ ಆ ಗುಂಪಲ್ಲಿ ಕೇಳುವ ಹಾಗಿಲ್ಲ. ಎಲ್ಲ ಪ್ರತಿಮೆಗೂ ಒಂದೇ ಮುಖದಚ್ಚು, ಪೇಟ ಮತ್ತು ಕತ್ತಿ ಬದಲಾದರೆ ಹೆಸರು ಬದಲು. ಇದನ್ನು ಶಿಲ್ಪ ಅನ್ನಬೇಕಂತೆ.

ಇಲ್ಲೊಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇವೆ, ಯಾಕೆಂದರೆ ಈ ಬರಹವನ್ನು ತಿರುಚುವವರು ಇದ್ದಾರೆ. ಕಾಲೊನಿಯ ಬಾಗಿಲಲ್ಲಿ ಜನ ಕೈಯಿಂದ ದುಡ್ಡು ಹಾಕಿ ನಿಲ್ಲಿಸಿದ ಅಂಬೇಡ್ಕರ್ ಪುತ್ಥಳಿಯನ್ನು ಈ ಲೆಕ್ಕಕ್ಕೆ ಎಳೆಯಬೇಡಿ. ಊರ ನಡುವೆ ನಿಲ್ಲಲು ಬಿಡದವರ ನಡುವೆ ಕೋಟು ಹಾಕಿ, ಪುಸ್ತಕ ಹಿಡಿದು, ಬೆರಳು ಚಾಚಿ ನಿಂತ ಆ ಸಿಮೆಂಟಿನ ಮೂರ್ತಿಗೆ ಇರುವ ಕೆಲಸ ಬೇರೆ. ಅಲ್ಲಿ ಬೆರಳೇ ಮಾತಾಡುತ್ತದೆ. ಮುಖ ಚೂರು ಹೆಚ್ಚುಕಮ್ಮಿ ಆಗಿದ್ದರೂ ಯಾರೂ ತಪ್ಪು ಗುರುತಿಸುವುದಿಲ್ಲ. ನಮ್ಮ ಜನ ಸಂಕೇತ ಓದಬಲ್ಲರು ಅನ್ನುವುದಕ್ಕೆ ಅದೂ ಸಾಕ್ಷಿ.

"ಊರಿಗೆ ಬಸ್ಸಿಲ್ಲ, ನಿಮಗೆ ಕಲೆ ಬೇಕಾ?" ಅಂತ ಕೆಲವರು ಕೇಳುತ್ತಾರೆ. ಬಸ್ಸು ಬೇಕು. ಬಸ್ಸಿನ ಬಗ್ಗೆ ಇದೇ ಜಾಗದಲ್ಲಿ ಎಷ್ಟು ಸಲ ಬರೆದಿದ್ದೇವೆ ಅಂತ ಓದುಗರಿಗೆ ಗೊತ್ತು. ಆದರೆ ಪೀಠಕ್ಕೆ, ಪುತ್ಥಳಿಗೆ, ಸುತ್ತಲಿನ ಸ್ಟೀಲ್ ಗ್ರಿಲ್ಲಿಗೆ, ಫೋಕಸ್ ಲೈಟಿಗೆ ದುಡ್ಡು ಹೋಗುವಾಗ ಇವರು ಬಸ್ಸಿನ ಪ್ರಶ್ನೆ ಎತ್ತುವುದಿಲ್ಲ. ಹೈಸ್ಕೂಲಿಗೆ ಡ್ರಾಯಿಂಗ್ ಮಾಸ್ತರು ಬೇಕು ಅಂದಾಗ ಮಾತ್ರ ಬಸ್ಸು ನೆನಪಾಗುತ್ತದೆ.

ಇನ್ನು ಕೆಲವರದು ಬೇರೆ ವಾದ. "ಸಗಣಿ ತಟ್ಟುವುದು ನಮ್ಮ ಅಜ್ಜಿನೂ ಮಾಡ್ತಾಳೆ, ಅದರಲ್ಲೇನು ಕಲೆ?" ಒಳ್ಳೆಯ ಪ್ರಶ್ನೆ, ಇದಕ್ಕೆ ನಾವು ನಗುವುದಿಲ್ಲ. ಅಜ್ಜಿ ಬೆರಣಿ ತಟ್ಟುವುದು ಒಲೆಗೆ. ಶೀಲಾ ಗೌಡ ಅದನ್ನು ಒಲೆಯಿಂದ, ಪೂಜೆಯಿಂದ ಎತ್ತಿ ಖಾಲಿ ನೆಲದ ಮೇಲೆ ಇಡುತ್ತಾರೆ. ದಿನಾ ನೋಡಿ ನೋಡಿ ಕಾಣದೇ ಹೋದದ್ದು ಆಗ ಕಾಣುತ್ತದೆ. ಅಜ್ಜಿಯ ಕೈ ಗುರುತು ಕಾಣುತ್ತದೆ. ಕೆಲಸ ಎರಡೂ ಒಂದೇ ಅಲ್ಲ, ಆದರೆ ಎರಡನೆಯದು ಮೊದಲನೆಯದರ ಋಣದಲ್ಲಿದೆ. ಆ ಋಣ ತೀರಿಸುವುದು ಹೇಗೆ ಅನ್ನುವುದು ಕಲಾವಿದರೂ ಗ್ಯಾಲರಿಗಳೂ ಉತ್ತರಿಸಬೇಕಾದ ಪ್ರಶ್ನೆ.

ಹೌದು, ಗ್ಯಾಲರಿಗಳನ್ನು ಬಿಟ್ಟುಬಿಡುವ ಉದ್ದೇಶ ನಮಗಿಲ್ಲ. ಶೀಲಾ ಗೌಡರ ಒಂದು ಕೃತಿಯ ಹೆಸರು 'ಕಾಗೆಬಂಗಾರ'. ಅಪ್ಪಟ ಕನ್ನಡ. ಹೊಲದಲ್ಲಿ ಮಿನುಗುವ ಅಭ್ರಕದ ಚೂರಿಗೆ ನಾವು ಹೇಳುವ ಹೆಸರು, ಚಿನ್ನದಂತೆ ಕಂಡು ಚಿನ್ನವಲ್ಲದ್ದು. ಅದರಲ್ಲಿ ಬಳಸಿರುವುದು ಡಾಂಬರಿನ ಡ್ರಮ್ಮುಗಳು, ಅವನ್ನು ತಟ್ಟಿ ಹರಡಿದ ತಗಡು, ಟಾರ್ಪಾಲು, ಅಭ್ರಕ. ರಸ್ತೆ ಕೆಲಸಕ್ಕೆ ಬಂದ ಕುಟುಂಬಗಳು ಖಾಲಿ ಡ್ರಮ್ಮು ಸೀಳಿ, ಬಡಿದು ಚಪ್ಪಟೆ ಮಾಡಿ, ರಸ್ತೆ ಬದಿಯಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನು ನೀವು ನೋಡೇ ಇರುತ್ತೀರಿ. 2006ರ ಇನ್ನೊಂದು ಕೃತಿಯಲ್ಲಿ ಅಂಥ ಡ್ರಮ್ಮುಗಳಿಂದಲೇ ಒಂದು ಕೋಣೆ ಕಟ್ಟಿದ್ದಾರೆ. ಹೊರಗಿನಿಂದ ಕೋಟೆಯ ಹಾಗಿದೆ. ಒಳಗೆ ಬಗ್ಗಿ ಹೋಗಬೇಕು, ಒಳಗೆಲ್ಲ ಕತ್ತಲೆ. ತಲೆ ಎತ್ತಿದರೆ ತಗಡಿನ ಸೂರಿನಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳಿಂದ ಬೆಳಕು ಬಂದು ನಕ್ಷತ್ರ ತುಂಬಿದ ಆಕಾಶ.

ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಹೋದ ಕುಟುಂಬಗಳ ಮಕ್ಕಳು ಇಂಥ ತಗಡಿನ ಕೆಳಗೆ ಮಲಗಿ, ತುಕ್ಕು ಹಿಡಿದ ತೂತಿನಿಂದ ಇದೇ ಆಕಾಶ ನೋಡಿದ್ದಾರೆ. ಈ ಕೋಣೆಯ ಒಳಗೆ ಒಮ್ಮೆ ಬಗ್ಗಿ ಹೋಗುವ ಹಕ್ಕು ಮೊದಲು ಅವರದು. ಆದರೆ ಇಂಥ ಕೃತಿಯ ವಿವರಣೆ ಇಂಗ್ಲಿಷಿನಲ್ಲಿ, ಆಮಂತ್ರಣ ಇಂಗ್ಲಿಷಿನಲ್ಲಿ. 2019ರಲ್ಲಿ ಮಿಲಾನಿನಲ್ಲಿ ಶೀಲಾ ಗೌಡರ ದೊಡ್ಡ ಪ್ರದರ್ಶನ ನಡೆಯಿತು. ಅದೇ ವರ್ಷ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು, 2020ರಲ್ಲಿ ಮ್ಯೂನಿಕ್ಕಿನಲ್ಲಿ ಪ್ರದರ್ಶನ. ಹೆಮ್ಮೆ ಪಡೋಣ. ಭದ್ರಾವತಿಯಿಂದ ಮ್ಯೂನಿಕ್ಕಿಗೆ ದಾರಿ ಆಗಿದೆ. ಬೆಂಗಳೂರಿನಿಂದ ಭದ್ರಾವತಿಗೆ, ಹಿರಿಯೂರಿಗೆ, ಸಿಂಧನೂರಿಗೆ ಯಾಕೆ ಆಗಿಲ್ಲ?

2016ರಲ್ಲಿ ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿಯವರ ಕೈಗೆ ಕೊಡುವುದರ ವಿರುದ್ಧ ಕಲಾವಿದರು ಬೀದಿಗಿಳಿದರು. ಸರಿಯಾದ ಹೋರಾಟ. ಅದು ಎಲ್ಲರ ಗ್ಯಾಲರಿ ಅಂತ ಅವರು ಹೇಳಿದ್ದು ನಿಜ. ಜಿಲ್ಲೆಗಳಲ್ಲಿ ಕಿತ್ತುಕೊಳ್ಳಲು ಗ್ಯಾಲರಿಯೇ ಇಲ್ಲ, ಹಾಗಾಗಿ ಹೋರಾಟವೂ ಇಲ್ಲ. ಲಲಿತಕಲಾ ಅಕಾಡೆಮಿ ಇದೆ, ಸಂಸ್ಕೃತಿ ಇಲಾಖೆ ಇದೆ, ಬೀಗ ಹಾಕಿದ ರಂಗಮಂದಿರ ಇದೆ. ಕೂದಲ ಹಗ್ಗವನ್ನು ಲಂಡನ್ನಿನಿಂದ ತರಿಸಿ ಅಂತ ನಾವು ಹಟ ಹಿಡಿದಿಲ್ಲ. ದೊಡ್ಡ ಫೋಟೊ ಸಾಕು, ಪಕ್ಕದಲ್ಲಿ ಕನ್ನಡದ ನಾಲ್ಕು ಸಾಲು ಸಾಕು. ಬೆಂಗಳೂರಿನಲ್ಲಿ ಕೆಲಸ ಮಾಡುವ ಕಲಾವಿದರನ್ನು ಎರಡು ದಿನ ತಾಲ್ಲೂಕಿಗೆ ಕರೆಸಿ, ಕೌದಿ ಹೊಲಿಯುವವರ, ಬುಟ್ಟಿ ಹೆಣೆಯುವವರ, ಹಟ್ಟಿ ಲಕ್ಕವ್ವ ಮಾಡುವ ಹುಡುಗಿಯರ ಪಕ್ಕ ಕೂರಿಸಿ. ಒಂದು ಪುತ್ಥಳಿಯ ಗ್ರಿಲ್ಲಿನ ದುಡ್ಡಲ್ಲಿ ಆಗುವ ಕೆಲಸ ಇದು.

ಅಧಿಕಾರಿ ಇಲ್ಲ ಅಂದರು ಅಂತ ನಾವು ಸುಮ್ಮನೆ ಕೂತಿಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೇವೆ, ನೀವೂ ಹಾಕಿ. ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ದಾಟಬಾರದು, ಇಲ್ಲದಿದ್ದರೆ ಅದೇ ನೆಪ ಹೇಳಿ ತಿರಸ್ಕರಿಸುತ್ತಾರೆ. ಮೊದಲನೆಯದು ನಿಮ್ಮ ಪುರಸಭೆಗೆ ಅಥವಾ ಪಟ್ಟಣ ಪಂಚಾಯಿತಿಗೆ: ಕಳೆದ ಐದು ವರ್ಷದಲ್ಲಿ ಪುತ್ಥಳಿ, ಪೀಠ, ಗ್ರಿಲ್, ದೀಪ, ಅನಾವರಣ ಕಾರ್ಯಕ್ರಮ ಇವುಗಳಿಗೆ ಖರ್ಚಾದ ಹಣ ಎಷ್ಟು, ಮಾಡಿದ ಶಿಲ್ಪಿಯ ಹೆಸರೇನು. ಎರಡನೆಯದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ: ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಂಜೂರಾದ ಚಿತ್ರಕಲಾ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಎಷ್ಟು, ಎಂದಿನಿಂದ ಖಾಲಿ. ಮೂರನೆಯದು ರಂಗಮಂದಿರ ಯಾರ ಸುಪರ್ದಿಯಲ್ಲಿದೆಯೋ ಅವರಿಗೆ: ಕಳೆದ ವರ್ಷ ಎಷ್ಟು ದಿನ ಬಾಗಿಲು ತೆರೆದಿತ್ತು, ಯಾವ ಕಾರ್ಯಕ್ರಮಕ್ಕೆ.

30 ದಿನದೊಳಗೆ ಉತ್ತರ ಕೊಡಬೇಕು. ಬಂದ ಕಾಗದದ ಫೋಟೊ ಹೊಡೆದು ನಮ್ಮ ಗುಂಪಿಗೆ ಹಾಕಿ. ಉತ್ತರ ಬರದಿದ್ದರೆ ಅರ್ಜಿ ಕೊಟ್ಟ ಸ್ವೀಕೃತಿಯನ್ನೇ ಹಾಕಿ. ತಾಲ್ಲೂಕುವಾರು ಪಟ್ಟಿ ಮಾಡಿ ಇಲ್ಲೇ ಪ್ರಕಟಿಸುತ್ತೇವೆ.